ನೂರು ಹನಿ ರಕ್ತದ ಲೆಕ್ಕ

ಮಾನ್ಯ ಸಂಪಾದಕರೇ,

ಮೆಜೆಸ್ಟಿಕ್ ಸುತ್ತಮುತ್ತ ಮೂತ್ರಾಲಯದ ಗೋಡೆಗಳ ಮೇಲೆ ‘ಧಾತು ನಷ್ಟಕ್ಕೆ ಗ್ಯಾರಂಟಿ ಚಿಕಿತ್ಸೆ’ ಅನ್ನುವ ಚೀಟಿಗಳು ಅಂಟಿರುತ್ತವೆ. ಧಾತು ಅಂದರೆ ಇಲ್ಲಿ ವೀರ್ಯ. ಕೆಳಗೊಂದು ಮೊಬೈಲ್ ನಂಬರ್. ಕಿತ್ತರೂ ಮತ್ತೆ ಅಂಟಿಸುತ್ತಾರೆ. ನೂರು ಹನಿ ರಕ್ತ ಸೇರಿ ಒಂದು ಹನಿ ವೀರ್ಯ ಆಗುತ್ತದೆ ಅನ್ನುವ ಹಳೇ ಮಾತೇ ಇವರ ಬಂಡವಾಳ. ಹುಡುಗರು ಸುಮ್ನೆ ಹೆದರಿ ದುಡ್ಡು ಕಳೆದುಕೊಳ್ಳುತ್ತಾರೆ.

ಆ ಲೆಕ್ಕ ಶುದ್ಧ ಸುಳ್ಳು. ಒಂದು ಸಲಕ್ಕೆ ಬರುವ ವೀರ್ಯ ಸಾಮಾನ್ಯವಾಗಿ 2ರಿಂದ 5 ಮಿ.ಲೀ. ಅದರಲ್ಲಿ ಬಹುಪಾಲು ಪ್ರಾಸ್ಟೇಟ್ ಮತ್ತು ಅದರ ಪಕ್ಕದ ಗ್ರಂಥಿಗಳ ದ್ರವ. ಆ ದ್ರವದ ಫ್ರಕ್ಟೋಸ್ ಸಕ್ಕರೆಯೇ ವೀರ್ಯಾಣುಗಳಿಗೆ ಶಕ್ತಿ. ವೀರ್ಯಾಣುಗಳ ಪಾಲು ತೀರಾ ಕಡಿಮೆ, ಆದರೂ ಕೋಟಿಗಟ್ಟಲೆ ಇರುತ್ತವೆ. ವ್ಯಾಸೆಕ್ಟಮಿ (ವೀರ್ಯಾಣು ಬರುವ ನಾಳ ಕತ್ತರಿಸುವ, ಗಂಡಸರ ಸಂತಾನ ನಿಯಂತ್ರಣ ಆಪರೇಷನ್) ಮಾಡಿಸಿಕೊಂಡವರಲ್ಲೂ ವೀರ್ಯದ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇರುವುದು ವೀರ್ಯಾಣುಗಳ ಪಾಲು ಇಷ್ಟು ಕಡಿಮೆ ಇರುವುದರಿಂದಲೇ. ವೃಷಣಗಳಲ್ಲಿ ದಿನವೂ ಹೊಸ ವೀರ್ಯಾಣುಗಳು ಹುಟ್ಟುತ್ತಲೇ ಇರುತ್ತವೆ. ಪೂರ್ತಿ ಬೆಳೆಯಲು ಸುಮಾರು ಎರಡೂವರೆ ತಿಂಗಳು ಬೇಕು.

ಮಕ್ಕಳಾಗದಿದ್ದರೆ ನಮ್ಮಲ್ಲಿ ಮೊದಲು ಸೊಸೆಯನ್ನೇ ಡಾಕ್ಟರ್ ಹತ್ತಿರ ಕರೆದೊಯ್ಯುತ್ತಾರೆ, ಅಲ್ವಾ? ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡನ ಕಡೆಯಿಂದಲೂ ಕಾರಣ ಇರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿಯೂ ಬೇಡ, ನೋವೂ ಇಲ್ಲ. ಹೆಂಡತಿಗೆ ಸಾಲು ಸಾಲು ಟೆಸ್ಟ್ ಬರೆಯುವ ಮೊದಲು ಅದನ್ನು ಮಾಡಿಸಲಿ.

– ಓದುಗ, ಬಸವನಗುಡಿ, ಬೆಂಗಳೂರು