ಮರಳಿ ಬರುವುದೊಂದೇ ಅಳತೆಗೋಲಲ್ಲ

ಮಾನ್ಯ ಸಂಪಾದಕರೇ,

ಮೂಲಸ್ಥಿತಿಗೆ ಮರಳಿಸಬಹುದಾದದ್ದು ಭೌತ ಬದಲಾವಣೆ, ಮರಳಿಸಲಾಗದ್ದು ರಾಸಾಯನಿಕ ಬದಲಾವಣೆ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವ ರೂಢಿಯಿದೆ. ಏಳನೇ ತರಗತಿಯಲ್ಲಿರುವ ನನ್ನ ಮಗಳ ನೋಟ್‌ಬುಕ್ಕಿನಲ್ಲಿಯೂ ಇದೇ ಸಾಲಿದೆ. ಆದರೆ ಬೀಸಿದ ರಾಗಿಹಿಟ್ಟನ್ನು ಯಾರೂ ಮತ್ತೆ ಕಾಳಾಗಿಸಲಾರರು. ಆದರೂ ಅದು ಭೌತ ಬದಲಾವಣೆಯೇ.

ನಮ್ಮ ಕೋಲಾರ ಜಿಲ್ಲೆಯ ಚಿನ್ನದ ಗಣಿಗಾರಿಕೆ ಇದಕ್ಕಿಂತ ಒಳ್ಳೆಯ ಉದಾಹರಣೆ. ಚಿನ್ನವು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಹರಿದರೂ ಚಿನ್ನವಾಗಿಯೇ ಉಳಿಯುತ್ತದೆ. ಅದೇ ಚಿನ್ನ, ಪುಡಿ ಮಾಡಿದ ಅದಿರಿನಿಂದ ಸಯನೈಡ್ ದ್ರಾವಣಕ್ಕೆ ಇಳಿಯುವಾಗ, ಗಾಳಿಯ ಆಮ್ಲಜನಕದ ನೆರವಿನಿಂದ ಸಯನೈಡಿನೊಡನೆ ಕೂಡಿ ಬೇರೆಯೇ ಸಂಯುಕ್ತವಾಗುತ್ತದೆ. ಸತುವಿನ ಪುಡಿ ಬೆರೆಸಿದರೆ ಲೋಹ ಮರಳಿ ದೊರೆಯುತ್ತದೆ. ಕಾವಿಗೆ ಹರಿಯುವುದು, ದ್ರಾವಣಕ್ಕೆ ಇಳಿಯುವುದು ಎರಡನ್ನೂ ನಾವು ‘ಕರಗುವುದು’ ಎಂದೇ ಕರೆಯುವುದರಿಂದ ಮಕ್ಕಳಿಗೆ ಗೊಂದಲವಾಗುವುದು ಸಹಜ. ಎರಡರಲ್ಲೂ ಚಿನ್ನ ಮರಳುತ್ತದೆ, ಆದರೆ ಎರಡನೆಯದು ರಾಸಾಯನಿಕ ಬದಲಾವಣೆ. ಹೊಸ ವಸ್ತು ಹುಟ್ಟಿತೇ ಎಂಬುದೇ ಕೇಳಬೇಕಾದ ಪ್ರಶ್ನೆ.

2001ರಲ್ಲಿ ಗಣಿ ಮುಚ್ಚಿದ ಮೇಲೂ ಕೆಜಿಎಫ್‌ನಲ್ಲಿ (ಕೋಲಾರ ಚಿನ್ನದ ಗಣಿ ಪ್ರದೇಶ) ಉಳಿದಿರುವ ಸಯನೈಡ್ ದಿಬ್ಬಗಳನ್ನು, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿಗಳನ್ನು, ಕಂಡು ಬೆಳೆಯುವ ಮಕ್ಕಳಿಗೆ, ಈ ಕ್ರಿಯೆಯನ್ನು ವಿಜ್ಞಾನ ಶಿಕ್ಷಕರು ಕರಿಹಲಗೆಯ ಮೇಲೆ ಚಿತ್ರ ಬರೆದು ವಿವರಿಸಬೇಕೆಂದು ಕೋರುತ್ತೇನೆ.

– ಒಬ್ಬ ಪೋಷಕ, ಕೋಲಾರ