ಚಂದ್ರನ ಚಿತ್ರಕ್ಕೆ ಲೆನ್ಸ್: ಫೋಕಲ್ ಲೆಂತ್ ಒಂದೇ ಅಳತೆಗೋಲಲ್ಲ

ಮಾನ್ಯ ಸಂಪಾದಕರೇ,

ಚಂದ್ರನ ಛಾಯಾಗ್ರಹಣಕ್ಕೆ ಯಾವ ಟೆಲಿಫೋಟೋ ಲೆನ್ಸ್ ಸೂಕ್ತವೆಂಬುದನ್ನು ಕುರಿತು ತಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕನ್ನಡದಲ್ಲಿ ಇಂಥ ವಿಷಯಕ್ಕೆ ಇಡೀ ಪುಟ ಸಿಗುವುದು ಅಪರೂಪವಾದ್ದರಿಂದ ಮೊದಲು ಮೆಚ್ಚುಗೆಯನ್ನೇ ತಿಳಿಸಬೇಕು. ಆದರೆ ಲೇಖಕರು ಲೆನ್ಸ್‌ಗಳನ್ನು ಫೋಕಲ್ ಲೆಂತ್ (ಮಿ.ಮೀ.ಗಳಲ್ಲಿ ಹೇಳುವ ನಾಭಿದೂರ) ಒಂದರ ಆಧಾರದ ಮೇಲೆ ಸಾಲಾಗಿ ನಿಲ್ಲಿಸಿ, 200ಕ್ಕಿಂತ 400 ಮೇಲು, 400ಕ್ಕಿಂತ 800 ಮೇಲು, ಎಲ್ಲಕ್ಕಿಂತ ಮೇಲಿನದು '3000 ಮಿ.ಮೀ.' ಸೂಪರ್‌ಜೂಮ್ ಕ್ಯಾಮೆರಾ ಎಂಬ ತೀರ್ಮಾನಕ್ಕೆ ಬಂದಿರುವುದು, ಹೊಸದಾಗಿ ಲೆನ್ಸ್ ಕೊಳ್ಳಹೊರಟವರ ದಾರಿ ತಪ್ಪಿಸುತ್ತದೆ. ಬಹಳ ವರ್ಷಗಳಿಂದ ಚಂದ್ರನ ಬೆನ್ನು ಹತ್ತಿರುವ ಹವ್ಯಾಸಿಯಾಗಿ ಕೆಲವು ಮಾತು ಸೇರಿಸಲು ಅವಕಾಶ ಕೋರುತ್ತೇನೆ.

ಫೋಕಲ್ ಲೆಂತ್ ಹೇಳುವುದು ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲೆ ಚಂದ್ರಬಿಂಬ ಎಷ್ಟು ದೊಡ್ಡದಾಗಿ ಬೀಳುತ್ತದೆ ಎಂಬುದನ್ನು ಮಾತ್ರ. ಚಂದ್ರನ ಸರಾಸರಿ ದೂರ 3,84,400 ಕಿ.ಮೀ., ವ್ಯಾಸ ಸುಮಾರು 3,475 ಕಿ.ಮೀ.; ಭಾಗಿಸಿದರೆ ಹೆಚ್ಚುಕಡಿಮೆ 110 ಬರುತ್ತದೆ. ಆದ್ದರಿಂದ ಯಾವುದೇ ಲೆನ್ಸಿನ ಫೋಕಲ್ ಲೆಂತನ್ನು 110ರಿಂದ ಭಾಗಿಸಿದರೆ ಬಿಂಬದ ಅಳತೆ ಸಿಕ್ಕಿಬಿಡುತ್ತದೆ: 200 ಮಿ.ಮೀ.ಗೆ 1.8 ಮಿ.ಮೀ., 400ಕ್ಕೆ 3.6, 800ಕ್ಕೆ 7.3. 24 ಮಿ.ಮೀ. ಎತ್ತರದ ಫುಲ್ ಫ್ರೇಮ್ ಸೆನ್ಸರಿನಲ್ಲಿ 800 ಮಿ.ಮೀ. ಲೆನ್ಸ್ ಹಾಕಿದರೂ ಚಂದ್ರ ಚೌಕಟ್ಟಿನ ಮೂರನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾದಲ್ಲಿ 400 ಮಿ.ಮೀ. ಲೆನ್ಸ್ 600 ಆಗಿಬಿಡುತ್ತದೆ ಎಂಬ ಲೇಖನದ ಮಾತೂ ಅರ್ಧಸತ್ಯ. ಬಿಂಬ ಅದೇ 3.6 ಮಿ.ಮೀ. ಇರುತ್ತದೆ; ಸುತ್ತಲಿನ ಕಪ್ಪು ಆಕಾಶ ಕತ್ತರಿಸಿಹೋಗಿರುತ್ತದೆ, ಅಷ್ಟೇ.

ಬಿಂಬದಲ್ಲಿ ವಿವರ ಎಷ್ಟಿರುತ್ತದೆ ಎಂಬುದನ್ನು ನಿರ್ಧರಿಸುವುದು ಲೆನ್ಸ್ ಬೆಳಕಿಗೆ ತೆರೆದಿಡುವ ಬಾಯಿಯ ಅಗಲ, ಅಂದರೆ ಫೋಕಲ್ ಲೆಂತನ್ನು ಎಫ್-ಸಂಖ್ಯೆಯಿಂದ (ಲೆನ್ಸಿನ ಎಫ್/2.8 ಎಂಬುದರಲ್ಲಿ 2.8) ಭಾಗಿಸಿದಾಗ ಬರುವ ಮಿಲಿಮೀಟರ್. 200 ಮಿ.ಮೀ. ಎಫ್/2.8, 400 ಮಿ.ಮೀ. ಎಫ್/5.6 ಮತ್ತು 800 ಮಿ.ಮೀ. ಎಫ್/11 ಲೆನ್ಸ್‌ಗಳನ್ನು ಲೇಖನವು ಮೂರು ಬೇರೆ ಬೇರೆ ದರ್ಜೆಗಳಲ್ಲಿ ಇರಿಸಿದೆಯಾದರೂ ಭಾಗಿಸಿ ನೋಡಿದರೆ ಮೂರರ ಬಾಯಿಯೂ 71ರಿಂದ 73 ಮಿ.ಮೀ.ನಷ್ಟೇ. ಬೆಳಕಿನ ವಿವರ್ತನೆಯ (ಬಾಯಿಯ ಅಂಚಿನಲ್ಲಿ ಬೆಳಕು ಹರಡಿಕೊಳ್ಳುವ ಗುಣದ) ಕಾರಣ 71 ಮಿ.ಮೀ. ಬಾಯಿಯ ಲೆನ್ಸ್, ಅದರ ಗಾಜು ಎಷ್ಟೇ ನಿರ್ದುಷ್ಟವಾಗಿರಲಿ, 1.9 ಕೋನೀಯ ಸೆಕೆಂಡಿಗಿಂತ (ಒಂದು ಕೋನೀಯ ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ಹತ್ತಿರವಿರುವ ಎರಡು ಬಿಂದುಗಳನ್ನು ಬೇರ್ಪಡಿಸಿ ತೋರಿಸಲಾರದು. ಚಂದ್ರನ ಮೇಲೆ ಅದು ಸುಮಾರು 3.6 ಕಿ.ಮೀ.

ಹಾಗಾದರೆ ಮೂರರಲ್ಲೂ ಒಂದೇ ಚಿತ್ರ ಬರುತ್ತದೆಯೇ ಎಂದರೆ ಇಲ್ಲ, ಏಕೆಂದರೆ ನಡುವೆ ಪಿಕ್ಸೆಲ್ ಇದೆ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ ಸುಮಾರು 3.9 ಮೈಕ್ರಾನ್ ಇರುತ್ತದೆ, 200 ಮಿ.ಮೀ.ನಲ್ಲಿ ಅದು ಚಂದ್ರನ 7.5 ಕಿ.ಮೀ.ಯನ್ನು, 400ರಲ್ಲಿ 3.7 ಕಿ.ಮೀ.ಯನ್ನು, 800ರಲ್ಲಿ 1.9 ಕಿ.ಮೀ.ಯನ್ನು ನುಂಗುತ್ತದೆ. ಅಷ್ಟಮಿಯ ಚಂದ್ರನ ನಡುವೆ ಬೆಳಕು-ನೆರಳಿನ ಗಡಿಯ ಪಕ್ಕದಲ್ಲೇ ಟಾಲೆಮಿಯಸ್ ಎಂಬ ಅಗಲವಾದ ಕುಳಿಯಿದೆ. ತಟ್ಟೆಯಂತೆ ಚಪ್ಪಟೆಯಾದ ಅದರ ನೆಲದ ಮೇಲೆ ಅಮೋನಿಯಸ್ ಎಂಬ, ಸುಮಾರು 9 ಕಿ.ಮೀ. ವ್ಯಾಸದ ಪುಟ್ಟ ಕುಳಿ. ನನ್ನ 200 ಮಿ.ಮೀ. ಚಿತ್ರದಲ್ಲಿ ಅದು ಒಂದೇ ಪಿಕ್ಸೆಲ್‌ನ ಚುಕ್ಕೆ. ಕುಳಿಯೇ ಇದ್ದರೂ ಇರಬಹುದು, ಕ್ಯಾಮೆರಾ ತಾನಾಗಿ ಮೂಡಿಸುವ ಕಾಳುಕಾಳು ಕಲೆ, ಅಂದರೆ ನಾಯ್ಸ್ ಆದರೂ ಆಗಿರಬಹುದು. 400ರಲ್ಲಿ ಎರಡು ಪಿಕ್ಸೆಲ್‌ನ ಕಲೆ. ಅದೇ 400ಕ್ಕೆ, ಲೆನ್ಸ್ ಮತ್ತು ಕ್ಯಾಮೆರಾದ ನಡುವೆ ಕೂರಿಸಿ ಫೋಕಲ್ ಲೆಂತನ್ನು ಇಮ್ಮಡಿಸುವ 2ಎಕ್ಸ್ ಟೆಲಿಕನ್ವರ್ಟರ್ ಸೇರಿಸಿದ ರಾತ್ರಿ, ಒಂದು ಬದಿ ಬೆಳಗಿ ಇನ್ನೊಂದು ಬದಿ ಕಪ್ಪಾದ ನಿಜವಾದ ಕುಳಿಯಾಗಿ ಮೂಡಿತು. ಟೆಲಿಕನ್ವರ್ಟರ್ ಲೆನ್ಸಿನ ಬಾಯನ್ನು ಕೂದಲೆಳೆಯಷ್ಟೂ ಹಿಗ್ಗಿಸುವುದಿಲ್ಲ. ಲೆನ್ಸ್ ಈಗಾಗಲೇ ಹಿಡಿದ ವಿವರವನ್ನು ಹೆಚ್ಚು ಪಿಕ್ಸೆಲ್‌ಗಳ ಮೇಲೆ ಹರಡುತ್ತದೆ. ಟೆಲಿಕನ್ವರ್ಟರ್‌ನಿಂದ ಚಿತ್ರ ಕೆಡುತ್ತದೆಯೇ ಹೊರತು ಪ್ರಯೋಜನವಿಲ್ಲ ಎಂದು ಲೇಖನ ಒಂದೇ ವಾಕ್ಯದಲ್ಲಿ ತಳ್ಳಿಹಾಕಿರುವುದು ಈ ಕಾರಣಕ್ಕೆ ಸರಿಯಲ್ಲ.

ಹರಡುವಿಕೆಗೂ ಒಂದು ಮಿತಿಯುಂಟು, ಸೂಪರ್‌ಜೂಮ್ ಅದನ್ನು ದಾಟಿದೆ. 2018ರಲ್ಲಿ ಬಂದ ನಿಕಾನ್ ಕೂಲ್‌ಪಿಕ್ಸ್ ಪಿ1000 ಕ್ಯಾಮೆರಾದ 3000 ಮಿ.ಮೀ. ಎಂಬುದು ಫುಲ್ ಫ್ರೇಮಿಗೆ ಹೋಲಿಸಿ ಹೇಳುವ ಸಂಖ್ಯೆ. ಅದರ ಲೆನ್ಸಿನ ನಿಜವಾದ ಫೋಕಲ್ ಲೆಂತ್ 539 ಮಿ.ಮೀ., ಆ ತುದಿಯಲ್ಲಿ ಎಫ್-ಸಂಖ್ಯೆ 8, ಅಂದರೆ ಬಾಯಿ 67 ಮಿ.ಮೀ. ಸೆನ್ಸರ್ ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ್ದರಿಂದ ಚಂದ್ರ ಚೌಕಟ್ಟಿನ ತುಂಬ ನಿಲ್ಲುತ್ತಾನೆ, ನೋಡಿದವರು ಬೆರಗಾಗುತ್ತಾರೆ. ಆದರೆ ಅಲ್ಲಿ ಒಂದು ಪಿಕ್ಸೆಲ್ ಸುಮಾರು 1 ಕಿ.ಮೀ.ಗೆ ಸಮನಾಗಿದ್ದು, ಲೆನ್ಸ್ ಬೇರ್ಪಡಿಸಬಲ್ಲದ್ದು 3.8 ಕಿ.ಮೀ. ಮಾತ್ರ, ಒಂದೇ ವಿವರವನ್ನು ಸಾಲಿನಲ್ಲಿ ನಾಲ್ಕು ಪಿಕ್ಸೆಲ್‌ಗಳು ಹಂಚಿಕೊಳ್ಳುತ್ತವೆ. ಒಂದೇ ಕ್ಯಾಮೆರಾದಲ್ಲಿ ಎಲ್ಲವೂ ಮುಗಿಯುವ ಅದರ ಅನುಕೂಲವನ್ನು ನಾನು ಅಲ್ಲಗಳೆಯುತ್ತಿಲ್ಲ. 800 ಮಿ.ಮೀ. ಎಫ್/11 ಲೆನ್ಸ್ ಕಾಣಿಸದ್ದನ್ನು ಅದು ಕಾಣಿಸುತ್ತದೆ ಎಂಬುದನ್ನಷ್ಟೇ ಒಪ್ಪಲಾರೆ.

ಇನ್ನು ಲೇಖನದ ಜೊತೆಗಿದ್ದ ಚಿತ್ರಗಳು. ಸಣ್ಣ ಲೆನ್ಸಿನದೆಂದು ಕೊಟ್ಟದ್ದು ಹುಣ್ಣಿಮೆಯ ಚಿತ್ರ, ದೊಡ್ಡ ಲೆನ್ಸಿನದು ಅರ್ಧಚಂದ್ರನದು. ಹುಣ್ಣಿಮೆಯಂದು ಸೂರ್ಯನ ಬೆಳಕು ನಮ್ಮ ಬೆನ್ನ ಹಿಂದಿನಿಂದ ನೇರವಾಗಿ ಬೀಳುವುದರಿಂದ ಕುಳಿಗಳಿಗೆ ನೆರಳೇ ಇರುವುದಿಲ್ಲ. ಟೈಕೋ ಕುಳಿಯಿಂದ ಹೊರಟ ಬಿಳಿ ಗೆರೆಗಳು ಚೆನ್ನಾಗಿ ಕಾಣುತ್ತವೆ, ಉಳಿದದ್ದು ಸಪ್ಪೆ. ಅರ್ಧಚಂದ್ರನಲ್ಲಿ ಯಾವ ಲೆನ್ಸ್ ಆದರೂ ಜಾಣನೇ. ಇಂಥ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಹೋಲಿಕೆಯಾಗುವುದು ತಿಥಿಗಳದ್ದೇ ಹೊರತು ಲೆನ್ಸ್‌ಗಳದ್ದಲ್ಲ. ಅದೂ ಅಂಗೈ ಅಗಲಕ್ಕೆ ಕುಗ್ಗಿಸಿ ಅಚ್ಚು ಹಾಕಿದಾಗ 200, 800 ಎಂಬ ವ್ಯತ್ಯಾಸ ಎಲ್ಲಿ ಉಳಿದೀತು?

ಗಾಳಿಯ ಮಾತನ್ನಂತೂ ಲೇಖನ ಎತ್ತಲೇ ಇಲ್ಲ. ಒಂದು ಅಷ್ಟಮಿಯಂದು ಅದೇ ಲೆನ್ಸ್, ಅದೇ ಟ್ರೈಪಾಡ್ ಇಟ್ಟುಕೊಂಡು, ಕತ್ತಲಾಗುತ್ತಿದ್ದಂತೆ ಚಂದ್ರ ನೆತ್ತಿಯ ಹತ್ತಿರವಿದ್ದಾಗ ಒಮ್ಮೆ, ರಾತ್ರಿ ಹನ್ನೊಂದಕ್ಕೆ ಪಡುವಣದಲ್ಲಿ ಇಳಿದಾಗ ಇನ್ನೊಮ್ಮೆ ಚಿತ್ರ ತೆಗೆದೆ. ಮೊದಲ ಸಲ ಕ್ಯಾಮೆರಾದ ಪರದೆಯಲ್ಲಿ ನೇರವಾಗಿ ನೋಡುವ ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ ಕೈಯಿಂದ ಫೋಕಸ್ ಮಾಡುವಾಗ ಚಂದ್ರನ ಅಂಚು ಕೊರೆದಿಟ್ಟಂತೆ ನಿಂತಿತ್ತು. ಎರಡನೆಯ ಸಲ ಹರಿಯುವ ನೀರಿನ ತಳದ ನಾಣ್ಯದಂತೆ ತೊನೆಯುತ್ತಿತ್ತು, ಫೋಕಸ್ ಎಲ್ಲಿ ಕೂತಿತೆಂದು ಹೇಳುವುದೇ ಕಷ್ಟವಾಯಿತು. ಚಿತ್ರಗಳನ್ನು ನೋಡಿದವರು ಎರಡು ಬೇರೆ ಲೆನ್ಸ್ ಎಂದೇ ತಿಳಿದರು. ಸಾಧಾರಣ ರಾತ್ರಿಗಳಲ್ಲಿ ವಾತಾವರಣದ ಕಲಕಾಟವೇ ಎರಡು-ಮೂರು ಕೋನೀಯ ಸೆಕೆಂಡಿನಷ್ಟು ಮಸುಕು ತರುತ್ತದೆ. ಆದ್ದರಿಂದ 95 ಮಿ.ಮೀ. ಬಾಯಿಯ 150–600 ಎಫ್/6.3 ಜೂಮ್, 71 ಮಿ.ಮೀ.ನ 400 ಎಫ್/5.6 ಲೆನ್ಸನ್ನು ಲೆಕ್ಕದಲ್ಲಿ ಸೋಲಿಸಿದರೂ ಆಕಾಶದಲ್ಲಿ ಸೋಲಿಸುವುದು ಕೆಲವೇ ರಾತ್ರಿಗಳಲ್ಲಿ. ಮೇಲಾಗಿ ಇಂಥ ಜೂಮ್‌ಗಳಲ್ಲಿ ಹಲವು 600ರ ತುದಿಯಲ್ಲಿ ಪೂರ್ತಿ ತೆರೆದಾಗ ತುಸು ಮಸುಕಾಗಿರುವುದರಿಂದ ಅವನ್ನು ಎಫ್/8ಕ್ಕೆ ಇಳಿಸುವುದುಂಟು. ಆಗ ಬಾಯಿ 75 ಮಿ.ಮೀ.ಗೆ ಇಳಿದು ಇಬ್ಬರೂ ಸಮಸಮ.

ಕನ್ನಡಿಗಳಿಂದ ಬಿಂಬ ಮೂಡಿಸುವ 500 ಮಿ.ಮೀ. ಎಫ್/8 ಮಿರರ್ ಲೆನ್ಸಿನ ಚಿತ್ರದ ಗುಣಮಟ್ಟದ ಬಗ್ಗೆ ಲೇಖಕರ ಅನುಮಾನ ಬಹುಮಟ್ಟಿಗೆ ಸರಿ. ಕನ್ನಡಿಗಳು ಎಲ್ಲ ಬಣ್ಣಗಳನ್ನೂ ಒಂದೇ ರೀತಿ ಬಾಗಿಸುವುದರಿಂದ ಚಂದ್ರನ ಅಂಚಿನಲ್ಲಿ ನೇರಳೆ ಬಣ್ಣ ಕಾಣುವುದು ತೀರಾ ಕಡಿಮೆ, ಆದರೆ ಲೆನ್ಸಿನ ಬಾಯಿಯ ನಡುವೆ ಕೂತ ಸಣ್ಣ ಕನ್ನಡಿ ಬೆಳಕಿಗೆ ತಡೆಯಾಗುವುದರಿಂದ ಕಾಂಟ್ರಾಸ್ಟ್ ಕುಂದುತ್ತದೆ. ಎಫ್/11 ಲೆನ್ಸ್ ರಾತ್ರಿಯ ಕೆಲಸಕ್ಕೆ ಬಾರದೆಂಬ ಮಾತು ಮಾತ್ರ ಚಂದ್ರನಿಗೆ ಅನ್ವಯಿಸದು. ಚಂದ್ರ ನಡುಹಗಲ ಬಿಸಿಲಿನಲ್ಲಿರುವ ಬಂಡೆ. ಹುಣ್ಣಿಮೆಗೆ ಎಫ್/11, ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) 100, ಸೆಕೆಂಡಿನ ನೂರನೇ ಒಂದು ಭಾಗ ಸಾಕೆಂಬುದು ಹಳೆಯ ಲೆಕ್ಕ. ಅರ್ಧಚಂದ್ರನ ಒಟ್ಟು ಬೆಳಕು ಹುಣ್ಣಿಮೆಯ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿದು, ಬೆಳಗಿದ ಭಾಗವೂ ಮಂಕಾಗುವುದರಿಂದ ಆಗ ಐಎಸ್‌ಒ 800ರವರೆಗೆ ಏರಿಸಬೇಕಾದೀತು.

ಮುಂದೆ ಇಂಥ ಹೋಲಿಕೆಯನ್ನು ಪ್ರಕಟಿಸುವಾಗ ಒಂದೇ ರಾತ್ರಿ, ಒಂದೇ ಕ್ಯಾಮೆರಾದಲ್ಲಿ, ಚಂದ್ರ ಎತ್ತರದಲ್ಲಿರುವಾಗ ತೆಗೆದ ಚಿತ್ರಗಳಿಂದ ಒಂದೇ ಕುಳಿಯನ್ನು ಪಿಕ್ಸೆಲ್‌ಗೆ ಪಿಕ್ಸೆಲ್ ಕತ್ತರಿಸಿ, ಪ್ರತಿ ಲೆನ್ಸಿನ ಬಾಯಿಯ ಅಗಲವನ್ನೂ ಪಕ್ಕದಲ್ಲಿ ನಮೂದಿಸಿ ಕೊಡಬೇಕೆಂದು ವಿನಂತಿಸುತ್ತೇನೆ.

ಇತಿ,
ಹವ್ಯಾಸಿ ಛಾಯಾಗ್ರಾಹಕ ಓದುಗ