ನನ್ನ ಸಿತಾರ್ ಆನೆಯಲ್ಲ: ಕೊಪ್ಪಳದ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರಗಳು.

ವನ್ಯಪ್ರಾಣಿಗಳ ಚರ್ಮ, ಕೊಂಬು, ದಂತಗಳನ್ನು ಹೊರದೇಶದಿಂದ ತರುವುದಕ್ಕೆ ಇರುವ ನಿರ್ಬಂಧಗಳು ತಮಗೆ ತಿಳಿಯದ್ದಲ್ಲ. 1962ರ ಕಸ್ಟಮ್ಸ್ ಕಾಯ್ದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅಳಿವಿನಂಚಿನ ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ, ಭಾರತ 1976ರಲ್ಲಿ ಸೇರಿದ ಸೈಟಿಸ್ ಒಪ್ಪಂದ, ಇವೆಲ್ಲ ತಾವು ಬಲ್ಲ ವಿಷಯ. ಆ ಒಪ್ಪಂದವನ್ನು ವನ್ಯಜೀವಿ ಕಾಯ್ದೆಯೊಳಗೆ ತಂದ 2022ರ ತಿದ್ದುಪಡಿಗೆ ಒಪ್ಪಿಗೆ ಸಿಕ್ಕಿದ್ದು ತಮ್ಮ ಸದನದಲ್ಲೇ. ಹಾಗಾಗಿ ನಿಯಮ ವಿವರಿಸುತ್ತ ಕೂರುವುದಿಲ್ಲ. ನನ್ನ ಬೇಡಿಕೆ ಒಂದೇ. ಹೊರದೇಶಕ್ಕೆ ಹೋಗಿಬರುವ ಸಂಗೀತಗಾರರ ವಾದ್ಯವನ್ನು ಹೊರಡುವ ಮೊದಲೇ ಜಿಲ್ಲೆಯ ಅರಣ್ಯ ಕಚೇರಿಯಲ್ಲಿ ನೋಡಿ, ಅದರಲ್ಲಿ ವನ್ಯಜೀವಿಯ ಅಂಗವಿಲ್ಲವೆಂದು ಒಂದು ಪ್ರಮಾಣಪತ್ರ ಕೊಡಲಿ. ಹಿಂತಿರುಗಿದಾಗ ಕಸ್ಟಮ್ಸ್‌ನವರು ಅದನ್ನು ಒಪ್ಪಲಿ.

ನಾನು ಗಂಗಾವತಿಯಲ್ಲಿ ಸಿತಾರ್ ಪಾಠ ಹೇಳಿ ಬದುಕುವವನು. ಭತ್ತದ ಊರಿನಲ್ಲಿ ಸಿತಾರ್ ಕಲಿಯುವವರು ಯಾರು ಎಂದು ಕೇಳುವವರಿದ್ದಾರೆ. ಇದ್ದಾರೆ, ಸಂಜೆ ಬಂದು ನೋಡಲಿ. ವಾದ್ಯವನ್ನು ಮೀರಜ್‌ನಲ್ಲಿ ಸಾಲ ಮಾಡಿ ಮಾಡಿಸಿದ್ದು. ಕೊಲ್ಲಿ ದೇಶವೊಂದರಲ್ಲಿರುವ ಕನ್ನಡಿಗರು ರಾಜ್ಯೋತ್ಸವಕ್ಕೆ ಕರೆದಾಗ ಅದನ್ನೇ ಒಯ್ದೆ. ಹೋಗುವಾಗ, ಅದೇ ವಾದ್ಯವನ್ನು ವಾಪಸ್ ತರುವಾಗ ತೋರಿಸಲೆಂದು, ಕಸ್ಟಮ್ಸ್‌ನವರಿಂದ ರಫ್ತು ಪ್ರಮಾಣಪತ್ರವನ್ನೂ ಬರೆಸಿಕೊಂಡೆ. 'ತಂತಿವಾದ್ಯ, ಒಂದು' ಎಂದು ಬರೆದು ಮೊಹರು ಒತ್ತಿದರು.

ವಾಪಸ್ ಬಂದು ಇಳಿದಾಗ ಅಧಿಕಾರಿಯೊಬ್ಬರ ಕಣ್ಣು ಸಿತಾರ್‌ನ ತಂತಿಗಳನ್ನು ಹೊತ್ತ, ಜವಾರಿ ಎಂಬ ಬಿಳಿಯ ತುಂಡಿನ ಮೇಲೆ ಬಿತ್ತು. "ಆನೆ ದಂತ" ಎಂದರು. ಅಲ್ಲ ಸ್ವಾಮಿ, ಒಂಟೆಯ ಮೂಳೆ, ಈಗ ಎಲ್ಲರೂ ಹಾಕುವುದು ಅದನ್ನೇ ಎಂದೆ. "ಒಂಟೆ ಮಾತ್ರ ಪ್ರಾಣಿಯಲ್ಲವೇ?" ಎಂದು ಕೇಳಿದರು. ಸಾಕುಪ್ರಾಣಿಗೂ ಕಾಡುಪ್ರಾಣಿಗೂ ಇರುವ ವ್ಯತ್ಯಾಸವನ್ನು ನಡುರಾತ್ರಿ, ಸರತಿಯಲ್ಲಿ ನಿಂತ ಅಷ್ಟೂ ಜನರ ಎದುರು, ಕಳ್ಳಸಾಗಣೆದಾರನೆಂಬ ನೋಟವನ್ನು ಹೊತ್ತುಕೊಂಡು ನಾನು ವಿವರಿಸಬೇಕಾಯಿತು. ರಫ್ತು ಪ್ರಮಾಣಪತ್ರ ತೋರಿಸಿದೆ. ಅದರಲ್ಲಿ ಮೂಳೆಯ ಮಾತೇ ಇಲ್ಲವಂತೆ. ಮೂಳೆ ಇದೆ ಎಂದು ಬರೆಯಬೇಕಾಗಿದ್ದವರು ಯಾರು? ಕೊನೆಗೆ ಇನ್ನೊಬ್ಬರು ಬಂದು ದೊಡ್ಡ ಉಪಕಾರವೆಂಬಂತೆ ಹೇಳಿದರು: "ಆ ತುಂಡನ್ನು ಕಿತ್ತು ಇಲ್ಲಿ ಬಿಡಿ, ಉಳಿದದ್ದನ್ನು ತೆಗೆದುಕೊಂಡು ಹೋಗಿ." ಜವಾರಿ ಕಿತ್ತ ಸಿತಾರ್ ಎಂದರೆ ನಾಲಗೆ ಕಿತ್ತ ಮನುಷ್ಯ. ಒಪ್ಪಲಿಲ್ಲ. ಇಡೀ ವಾದ್ಯ ಗೋದಾಮಿಗೆ ಹೋಯಿತು, ಮಾದರಿ ಪರೀಕ್ಷೆಗೆ ಹೋಯಿತು.

ಆಮೇಲಿನದ್ದನ್ನು ಚುಟುಕಾಗಿ ಹೇಳುತ್ತೇನೆ, ಹೇಳಿಕೊಂಡರೆ ಮೈ ಉರಿಯುತ್ತದೆ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವುದು, "ವರದಿ ಬಂದಿಲ್ಲ" ಎನ್ನಿಸಿಕೊಂಡು ಮತ್ತೆ ರಾತ್ರಿ ಬಸ್ಸು ಹತ್ತುವುದು. ಬಂದ ಪತ್ರಗಳೆಲ್ಲ ಇಂಗ್ಲಿಷಿನಲ್ಲಿ. ಓದಿಸಿಕೊಳ್ಳಲು ವಕೀಲರು, ವಕೀಲರಿಗೆ ಶುಲ್ಕ. ಒಪ್ಪಿಕೊಂಡಿದ್ದ ಕಾರ್ಯಕ್ರಮಗಳು ಕೈತಪ್ಪಿದವು. ಕಡೆಗೆ ವರದಿ ಬಂತು: ದಂತವಲ್ಲ, ಮೂಳೆ. ಗೋದಾಮಿನ ಶುಲ್ಕ ಕಟ್ಟಿಸಿಕೊಂಡು ವಾದ್ಯ ಕೊಟ್ಟರು. ಬೇಸಿಗೆಯ ಧಗೆಗೆ ಸೋರೆಬುರುಡೆ ಬಿರುಕು ಬಿಟ್ಟಿತ್ತು. ಯಾರನ್ನು ಕೇಳಲಿ ಎಂದರೆ "ಅರ್ಜಿ ಕೊಡಿ" ಎಂದರು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ. ನನಗೆ ಆನೆಯೇ ಇಲ್ಲದೆ ಸಾವಿರಾರು ರೂಪಾಯಿ ಹೋಯಿತು.

ನಿಯಮ ಸಡಿಲಿಸಿ ಎಂದು ಕೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ದೇಶದಲ್ಲಿ ಭಾರತದ ಆನೆಯ ದಂತದ ವ್ಯಾಪಾರ 1986ರಲ್ಲಿ, ಆಫ್ರಿಕಾದ ದಂತದ ವ್ಯಾಪಾರ 1991ರಲ್ಲಿ ನಿಂತದ್ದು ಸರಿಯಾದ ಕೆಲಸ. ಬಂಡೀಪುರ, ನಾಗರಹೊಳೆಯ ಆನೆಗಳು ಉಳಿಯಬೇಕು. ನಿಜವಾದ ದಂತ ತರುವವರನ್ನು ಹಿಡಿಯಿರಿ, ಜೈಲಿಗೆ ಹಾಕಿ. ಆದರೆ ಹಿಡಿಯುವವರಿಗೆ ದಂತ ಯಾವುದು, ಮೂಳೆ ಯಾವುದು ಎಂದಾದರೂ ಗೊತ್ತಿರಬೇಡವೇ? ದಂತದ ಅಡ್ಡ ಕತ್ತರಿಸಿದ ಮುಖದಲ್ಲಿ ಒಂದನ್ನೊಂದು ಹಾಯುವ ಗೆರೆಗಳು ಕಾಣುತ್ತವೆ, ಶ್ರೇಗರ್ ಗೆರೆಗಳೆಂದು ಹೆಸರು. ಮೂಳೆಯಲ್ಲಿ ರಕ್ತನಾಳ ಹಾದುಹೋದ ಸಣ್ಣ ಚುಕ್ಕಿಗಳಿರುತ್ತವೆ. ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಮಸೂರ ಒಂದಿದ್ದರೆ ಅನುಮಾನ ಬಹುಪಾಲು ಅಲ್ಲೇ ಬಗೆಹರಿಯುತ್ತದೆ. ಅಷ್ಟು ದೊಡ್ಡ ವಿಮಾನ ನಿಲ್ದಾಣದಲ್ಲಿ ಅಂದು ಅದೊಂದು ಮಸೂರ ಇರಲಿಲ್ಲ.

ಸಂಗೀತಗಾರರ ಈ ಪಾಡು ಜಗತ್ತಿಗೆ ಗೊತ್ತಿದೆ. 2013ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಸೈಟಿಸ್ ಸಭೆಯೇ ವಾದ್ಯಗಳಿಗೆ ಪ್ರತ್ಯೇಕ ಪ್ರಮಾಣಪತ್ರ ಕೊಡಬಹುದೆಂದು ನಿರ್ಣಯಿಸಿತು, ಮೂರು ವರ್ಷದವರೆಗೆ ಅದು ನಡೆಯುತ್ತದೆ. ಅದು ಆ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳ ಅಂಗವಿರುವ ವಾದ್ಯಗಳಿಗೆ. ಅಂದರೆ ಹಳೆಯ ದಂತ ಕೂರಿಸಿದ ಪಿಯಾನೊ, ವಯಲಿನ್‌ಗೆ ದಾರಿಯಿದೆ, ಒಂಟೆ ಮೂಳೆಯ ಬಡ ಸಿತಾರಿಗೆ ಇಲ್ಲ! 'ಇದರಲ್ಲಿ ವನ್ಯಜೀವಿಯ ಅಂಗವಿಲ್ಲ' ಎಂದು ಒಂದು ಸಾಲು ಬರೆದು ಸಹಿ ಮಾಡುವುದಕ್ಕೆ ಸರ್ಕಾರಕ್ಕೆ ಎಷ್ಟು ಖರ್ಚು?

ಉತ್ಸವಗಳ ವೇದಿಕೆಯಲ್ಲಿ ನಮಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಿಗುತ್ತವೆ. ಶಾಲುಗಳು ನನ್ನ ಮನೆಯಲ್ಲಿ ಸಾಕಷ್ಟಿವೆ, ಇನ್ನು ಬೇಡ. ಆ ಕಾಗದ ಕೊಡಿಸಿ. ತಾವು ಶೂನ್ಯವೇಳೆಯಲ್ಲಿ ಎರಡು ನಿಮಿಷ ಮಾತನಾಡಿದರೆ ಹಣಕಾಸು ಸಚಿವಾಲಯದವರೂ ಪರಿಸರ ಸಚಿವಾಲಯದವರೂ ಕೇಳಿಸಿಕೊಳ್ಳುತ್ತಾರೆ. ನಾನು ಬರೆದ ಅರ್ಜಿಗಳನ್ನು ಯಾರೂ ಓದಿದಂತಿಲ್ಲ.

ಮುಂದಿನ ವರ್ಷವೂ ಅಲ್ಲಿಂದ ಕರೆ ಬಂದಿದೆ. ಬರುತ್ತೇನೆ ಎಂದು ಇನ್ನೂ ಹೇಳಿಲ್ಲ. ಪ್ರಮಾಣಪತ್ರ ಕೊಪ್ಪಳದಲ್ಲಿ ಸಿಗುವುದೋ ಇಲ್ಲವೋ ತಾವು ತಿಳಿಸಿದ ಮೇಲೆ ಹೇಳುತ್ತೇನೆ. ಉತ್ತರ ಕನ್ನಡದಲ್ಲೇ ಇರಲಿ.

ಇಂತಿ ತಮ್ಮ ಕ್ಷೇತ್ರದ ಮತದಾರ,
ಒಬ್ಬ ಸಿತಾರ್ ಶಿಕ್ಷಕ, ಗಂಗಾವತಿ